ಪರರಾಷ್ಟ್ರ ಖಾತೆಯ ಮುತಾಲಿಕರು

ನಮ್ಮ ಬೆಳಗಾವಿ ಸೀಮೆಯಲ್ಲಿ ಮುತಾಲಿಕ ಎಂಬ ಅಡ್ಡಹೆಸರನ್ನು ಕೇಳದವರಿಲ್ಲ. ಅದು ಊರಿನಿಂದ ಬಂದ ಹೆಸರಲ್ಲ, ಹುದ್ದೆಯಿಂದ ಬಂದುದು. ಮೂಲ ಅಧಿಕಾರಿಯ ಬದಲಾಗಿ ಅವನ ಶಿಕ್ಕಾ ಹಿಡಿದು ಕಾರಭಾರ ನೋಡತಕ್ಕವನೇ ಮುತಾಲಿಕ. 1674ರಲ್ಲಿ ಶಿವಾಜಿ ಮಹಾರಾಜರು ಪಟ್ಟಾಭಿಷಿಕ್ತರಾದಾಗ, ಅಷ್ಟಪ್ರಧಾನರಲ್ಲಿ ಪರರಾಜ್ಯಗಳ ವ್ಯವಹಾರವನ್ನು ನೋಡುವವನಿಗೆ ಸುಮಂತನೆಂಬ ಹೆಸರಾಯಿತು. ಅದಕ್ಕೂ ಹಳೆಯ ಹೆಸರು ಡಬೀರ. ನ್ಯಾಯಾಧೀಶ ಮತ್ತು ಪಂಡಿತರಾವ ಇವರಿಬ್ಬರ ಹೊರತು ಉಳಿದ ಪ್ರಧಾನರೆಲ್ಲರೂ ದಂಡಿನೊಡನೆ ಹೊರಡಬೇಕಾದವರು. ಅವರ ಗೈರುಹಾಜರಿಯಲ್ಲಿ ಖಾತೆಯ ಕಾಗದಪತ್ರ ನಿಲ್ಲಬಾರದೆಂದೇ ಮುತಾಲಿಕರು ಹುಟ್ಟಿಕೊಂಡರು. ಪರರಾಷ್ಟ್ರ ಖಾತೆಯ ಉಪಮಂತ್ರಿಯೆಂಬುದು ದಿಲ್ಲಿಯವರು ವಿಲಾಯತಿಯಿಂದ ತಂದ ಹೊಸ ವಸ್ತುವೆಂದು ತಿಳಿಯುವವರು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ಮುತಾಲಿಕನು ಎಷ್ಟರ ಮಟ್ಟಿಗೆ ಬೆಳೆಯಬಲ್ಲನೆಂಬುದಕ್ಕೂ ಸಮೀಪದ ನಿದರ್ಶನವಿದೆ. ಅಥಣಿಯಿಂದ ಉತ್ತರಕ್ಕಿರುವ ಸಾಂಗೋಲೆಯ ಕೋಟೆಯಲ್ಲಿ 1750ರಲ್ಲಿ ಪೇಶವೆಯ ವಿರುದ್ಧ ಬಂಡಾಯವೆದ್ದವನು ಯಮಾಜಿ ಶಿವದೇವ. ಅವನು ಪ್ರತಿನಿಧಿಯ ಮುತಾಲಿಕನೇ ಹೊರತು ಪ್ರತಿನಿಧಿಯಲ್ಲ! ಧಣಿಯು ದುರ್ಬಲನಾದರೆ ಶಿಕ್ಕಾ ಹಿಡಿದವನೇ ಧಣಿಯಾಗುತ್ತಾನೆ; ಧಣಿಯು ಪ್ರಬಲನಾದರೆ ಅವನು ಬರಿಯ ಕಾರಕೂನನಾಗಿ ಉಳಿಯುತ್ತಾನೆ. ದಿಲ್ಲಿಯ ಪರರಾಷ್ಟ್ರ ಖಾತೆಯಲ್ಲಿ ನಡೆದದ್ದು ಈ ಎರಡನೆಯ ಬಗೆ.

ಇದರ ಬೇರು ಇಂಗ್ರಜರ ಆಳಿಕೆಯಲ್ಲಿದೆ. ವಾರನ್ ಹೇಸ್ಟಿಂಗ್ಸನ ಕಾಲಕ್ಕೆ, 1783ರಲ್ಲಿ, ಗುಪ್ತ ಹಾಗೂ ರಾಜಕೀಯ ವ್ಯವಹಾರಗಳಿಗಾಗಿ ಬೇರೊಂದು ಶಾಖೆ ಏರ್ಪಟ್ಟಿತು. 1843ರಲ್ಲಿ ಲಾರ್ಡ್ ಎಲೆನ್‌ಬರೋ ಅದಕ್ಕೆ ಫಾರಿನ್ ಡಿಪಾರ್ಟ್‌ಮೆಂಟ್ ಎಂಬ ಹೆಸರು ಕೊಟ್ಟನು. ಮುಂದೆ ಉಳಿದ ಖಾತೆಗಳನ್ನು ಕೌನ್ಸಿಲಿನ ಸದಸ್ಯರಿಗೆ ಹಂಚಿದಾಗಲೂ ವಾಯಿಸರಾಯನು ಇದೊಂದನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡನು. ಅವನ ಕೆಳಗೆ ಈ ಖಾತೆಗೆ ಮಂತ್ರಿಯೆಂಬವನೇ ಇರಲಿಲ್ಲ. ಇದ್ದವನು ಫಾರಿನ್ ಸೆಕ್ರೆಟರಿ.

ಈ ಖಾತೆಯ ನೆರಳು ನಮ್ಮ ಮನೆಯಂಗಳದ ಮೇಲೂ ಬಿದ್ದಿತ್ತು. ನಿಪ್ಪಾಣಿಯ ದೇಸಾಯರ ಸೀಮೆ, ಕಾಗವಾಡದ ಪಟವರ್ಧನರ ಸೀಮೆ ಇವು 19ನೆಯ ಶತಕದ ಮಧ್ಯಭಾಗದಲ್ಲಿ ಇಂಗ್ರಜರ ಹೊಟ್ಟೆ ಸೇರಿದವು. ಚಿಕ್ಕೋಡಿಯು ಅದಕ್ಕೂ ಮುಂಚೆ, ಕೊಲ್ಹಾಪುರದೊಡನೆ 1820ರ ದಶಕದಲ್ಲಾದ ಕರಾರುಗಳಿಂದ, ಅವರ ಕೈಸೇರಿತ್ತು. ರಾಯಬಾಗ ಮಾತ್ರ ಕರವೀರದ ಛತ್ರಪತಿಗಳದಾಗಿಯೇ ಉಳಿಯಿತು. 1949ರ ಮಾರ್ಚ್ 1ರಂದು ಕೊಲ್ಹಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗಲೇ ಅದರ ಸಂಸ್ಥಾನವಾಸ ಮುಗಿಯಿತು. ಚಿಕ್ಕೋಡಿಯ ರೈತನು ಬಂಡಿ ಕಟ್ಟಿಕೊಂಡು ರಾಯಬಾಗದ ಬೀಗರ ಮನೆಗೆ ಹೋದರೆ ಪರರಾಜ್ಯಕ್ಕೆ ಹೋದಂತೆಯೇ ಆಗುತ್ತಿತ್ತು. 1933ರಿಂದ ದಕ್ಷಿಣದ ಸಂಸ್ಥಾನಗಳ ರೆಸಿಡೆಂಟನು ನೇರವಾಗಿ ಹಿಂದುಸ್ಥಾನ ಸರಕಾರಕ್ಕೆ ಬರೆಯತೊಡಗಿದನು. ಆ ಕಾಗದ ಹೋಗಿ ಮುಟ್ಟುತ್ತಿದ್ದುದು ಫಾರಿನ್ ಎಂಡ್ ಪೊಲಿಟಿಕಲ್ ಖಾತೆಗೆ. 1937ರಲ್ಲಿ ಆ ಖಾತೆ ಎರಡಾಗಿ ಒಡೆಯಿತು: ಸಂಸ್ಥಾನಗಳಿಗೊಂದು, ಹೊರದೇಶಗಳಿಗೊಂದು.

1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರಕಾರವು ಅಧಿಕಾರಕ್ಕೆ ಬಂದಾಗ ಪಂಡಿತ ಜವಾಹರಲಾಲ ನೆಹರೂ ಅವರು ಪರರಾಷ್ಟ್ರ ಖಾತೆಯನ್ನು ತಾವೇ ವಹಿಸಿಕೊಂಡರು. 1964ರ ಮೇ 27ರಂದು ಕಣ್ಮುಚ್ಚುವ ತನಕ ಬಿಡಲಿಲ್ಲ. ವಾಯಿಸರಾಯನ ಗಾದಿ ಹೋಯಿತು, ಗಾದಿಯ ರೂಢಿ ಉಳಿಯಿತು ಎಂದರೆ ಕಟುವಾದೀತೇನೋ, ಆದರೆ ಸುಳ್ಳಾಗದು. ದೇಶದ ಸಮಸ್ತ ಭಾರವನ್ನು ಹೊತ್ತ ಪ್ರಧಾನರಿಗೆ ಒಂದೊಂದು ಪ್ರಶ್ನೆಗೂ ಎದ್ದು ನಿಲ್ಲುವ ಪುರಸತ್ತು ಎಲ್ಲಿಂದ ಬರಬೇಕು? ಅಂತೆಯೇ 1948ರಲ್ಲಿ ಬಾಳಕೃಷ್ಣ ವಿಶ್ವನಾಥ ಕೇಸಕರರು ಈ ಖಾತೆಯ ಉಪಮಂತ್ರಿಗಳಾದರು. ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿದ ಪಂಡಿತರವರು. (ಮುಂದೆ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ದೂರವಿಟ್ಟು ಸಿಲೋನ್ ರೇಡಿಯೋವನ್ನು ಉದ್ಧಾರ ಮಾಡಿದವರೂ ಇವರೇ.) 1952ರಲ್ಲಿ ಅವರ ಸ್ಥಾನಕ್ಕೆ ಬಂದವರು ರವೀಂದ್ರನಾಥ ಠಾಕೂರರ ಕಾರ್ಯದರ್ಶಿಗಳಾಗಿದ್ದ ಅನಿಲಕುಮಾರ ಚಂದರು. ಆಗಲೇ ಪಾರ್ಲಿಮೆಂಟರಿ ಸೆಕ್ರೆಟರಿಯಾಗಿ ಸೇರಿದ ಶ್ರೀಮತಿ ಲಕ್ಷ್ಮೀ ಮೆನನ್ನರು 1957ರಲ್ಲಿ ಉಪಮಂತ್ರಿಗಳೂ 1962ರಲ್ಲಿ ರಾಜ್ಯಮಂತ್ರಿಗಳೂ ಆದರು.

ವಿಲಾಯತಿಯಲ್ಲಿ ಇಂಥ ಕಿರಿಯ ಮಂತ್ರಿಗೆ ಸ್ವಂತದ ಬೆಲೆಯಿತ್ತು. 1895ರಿಂದ ಲಾರ್ಡ್ ಸಾಲಿಸ್‌ಬರಿಯು ಪ್ರಧಾನನೂ ಪರರಾಷ್ಟ್ರಮಂತ್ರಿಯೂ ಆಗಿದ್ದನು. ಆದರೆ ಅವನು ಸರದಾರರ ಸಭೆಯವನಾದ್ದರಿಂದ ಕಾಮನ್ಸ್ ಸಭೆಯಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಅಲ್ಲಿ ಖಾತೆಯ ಪರವಾಗಿ ನಿಂತು ವಾದಿಸಿದವನು ಅಂಡರ್ ಸೆಕ್ರೆಟರಿಯಾದ ಜಾರ್ಜ್ ಕರ್ಝನ್, ಮುಂದೆ ನಮಗೆ ವಾಯಿಸರಾಯನಾಗಿ ಬಂದವನೇ. ನಮ್ಮ ಸಂವಿಧಾನದ 88ನೆಯ ಕಲಮಿನ ಪ್ರಕಾರ ಯಾವ ಮಂತ್ರಿಯೂ ಎರಡೂ ಸಭೆಗಳಲ್ಲಿ ಮಾತಾಡಬಹುದು. ಆದುದರಿಂದ ನಮ್ಮ ಉಪಮಂತ್ರಿಗೆ ಕರ್ಝನನಂತೆ ತನ್ನದೆಂಬ ಸಭೆಯಿರಲಿಲ್ಲ. ಪ್ರಧಾನರಿಗೆ ಬಿಡುವಿಲ್ಲದ ಹೊತ್ತೇ ಅವನ ಹೊತ್ತು.

ಕಚೇರಿಯೊಳಗಾದರೂ ಅಧಿಕಾರವಿತ್ತೋ? 1947ರಿಂದ ಖಾತೆಯಲ್ಲಿ ಸೆಕ್ರೆಟರಿ ಜನರಲ್ ಎಂಬ ಹಿರಿಯ ಹುದ್ದೆಯಿತ್ತು. ಮೊದಲು ಗಿರಿಜಾಶಂಕರ ಬಾಜಪೇಯಿ, 1952ರ ನಂತರ ಎನ್. ಆರ್. ಪಿಳ್ಳೆ, ಇಬ್ಬರೂ ಐ.ಸಿ.ಎಸ್. ಧುರೀಣರು. ಮೇಲೆ ನೆಹರೂ, ಕೆಳಗೆ ಬಾಜಪೇಯಿ, ನಡುವೆ ಉಪಮಂತ್ರಿ! ಮಾಮಲೇದಾರನ ಮೇಜಿಗೆ ನೇರವಾಗಿ ಹೋಗುವ ಕಾಗದವನ್ನು ಅವಲ ಕಾರಕೂನನು ದೂರದಿಂದ ನೋಡುವ ಕಷ್ಟ ನಮ್ಮ ವಾಚಕರಾದ ಅಧಿಕಾರಿಗಳಿಗೆ ವಿವರಿಸಬೇಕಾಗಿಲ್ಲ.

ಆದರೂ ಉಪಮಂತ್ರಿಯ ಮಾತು ಹಗುರವಾದುದಲ್ಲ. ಅವನು ಸಭೆಯಲ್ಲಿ ಕೊಟ್ಟ ಉತ್ತರ ಸರಕಾರದ ಉತ್ತರ. 75ನೆಯ ಕಲಮಿನ ಸಾಮೂಹಿಕ ಹೊಣೆಯೊಳಗೆ ಅದೂ ಬಂದಿತು. ಮೂಲ ಸಂವಿಧಾನವು ಮಂತ್ರಿಗಳಲ್ಲಿ ಮೇಲುಕೀಳು ಎಣಿಸಿರಲಿಲ್ಲ. ಸಂಬಳ ಭತ್ತೆಗಳ 1952ರ ಕಾಯದೆಯು ಮಂತ್ರಿಯೆಂಬ ಶಬ್ದದಲ್ಲಿ ಉಪಮಂತ್ರಿಯೂ ಅಡಕನೆಂದು ಸ್ಪಷ್ಟವಾಗಿ ಹೇಳಿದೆ. ಗೋವೆಯ ಪ್ರಶ್ನೆ ಕುದಿಯುತ್ತಿದ್ದ ಆ ವರ್ಷಗಳಲ್ಲಿ ಇದರ ಬೆಲೆಯನ್ನು ಬೆಳಗಾವಿ ಜಿಲ್ಲೆಯವರಷ್ಟು ಯಾರು ಬಲ್ಲರು? ಪೋರ್ತುಗೀಜರ ಹದ್ದು ನಮಗೆ ಒಂದು ದಿನದ ಹಾದಿ. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. 1961ರ ಡಿಸೆಂಬರದಲ್ಲಿ ದಂಡು ಬೆಳಗಾವಿಯಿಂದಲೇ ಹೊರಟು ಗೋವೆಯನ್ನು ಬಿಡಿಸಿತು. ಈ ನಡುವಣ ಕಾಲದಲ್ಲಿ ಪರರಾಷ್ಟ್ರ ಖಾತೆಯಿಂದ ಬಂದ ಒಂದೊಂದು ವಾಕ್ಯವನ್ನೂ ಇಲ್ಲಿಯ ಜನ ತೂಗಿ ನೋಡಬೇಕಾಗಿತ್ತು.

ನಮ್ಮ ಜಿಲ್ಲೆಯೂ ಒಬ್ಬ ಉಪಮಂತ್ರಿಯನ್ನು ದಿಲ್ಲಿಗೆ ಕೊಟ್ಟಿತು, ಆದರೆ ಗೃಹಖಾತೆಗೆ: ಬಳವಂತ ನಾಗೇಶ ದಾತಾರರು 1952ರಲ್ಲಿ ಉಪಮಂತ್ರಿಗಳಾಗಿ, ಆ ಮೇಲೆ ರಾಜ್ಯಮಂತ್ರಿಗಳಾಗಿ, 1963ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ದುಡಿದರು. ಪರರಾಷ್ಟ್ರ ಖಾತೆಗೆ ಕನ್ನಡಿಗರೊಬ್ಬರು ಹೋದದ್ದು ತೀರ ತಡವಾಗಿ, 2009ರ ಮೇ ತಿಂಗಳಲ್ಲಿ. ಮದ್ದೂರಿನ ಎಸ್. ಎಂ. ಕೃಷ್ಣರವರು ನೇರವಾಗಿ ಮುಖ್ಯ ಗಾದಿಯನ್ನೇ ಏರಿ 2012ರ ತನಕ ಇದ್ದರು. 2011ರಲ್ಲಿ ರಾಷ್ಟ್ರಸಂಘದ ಭದ್ರತಾ ಮಂಡಳಿಯಲ್ಲಿ ಅವರು ಪೋರ್ತುಗಾಲದ ಮಂತ್ರಿಯ ಭಾಷಣವನ್ನು ಕೆಲ ನಿಮಿಷ ಓದಿಬಿಟ್ಟರೆಂದು ಜಗತ್ತು ನಕ್ಕಿತು. ಕಾಗದ ಜೋಡಿಸಿಕೊಡುವ ಎರಡನೆಯ ಕೈ ಎಷ್ಟು ಮುಖ್ಯವೆಂಬುದನ್ನು ನಕ್ಕವರು ಯೋಚಿಸಿದರೋ ಇಲ್ಲವೋ!

1964ರಲ್ಲಿ ಶಾಸ್ತ್ರೀಜಿಯವರು ಸ್ವರ್ಣಸಿಂಗರನ್ನು ಪ್ರತ್ಯೇಕ ಪರರಾಷ್ಟ್ರಮಂತ್ರಿಗಳನ್ನಾಗಿ ಮಾಡಿದ ಮೇಲೂ ಉಪಮಂತ್ರಿಯ ಕುರ್ಚಿ ಉಳಿಯಿತು. 1962ರಲ್ಲಿ ಅದರಲ್ಲಿ ಕುಳಿತ ದಿನೇಶಸಿಂಗರು 1969ರಲ್ಲಿ ಖಾತೆಗೇ ಒಡೆಯರಾದರು; ಮುತಾಲಿಕಿಯಿಂದ ಗಾದಿಗೇರಿದ ಅಪರೂಪದ ಉದಾಹರಣೆಯಿದು. 1970ರ ದಶಕದಲ್ಲಿ ಬಿಪಿನ್‌ಪಾಲ ದಾಸರು ಅದೇ ಹುದ್ದೆಯಲ್ಲಿದ್ದರು. ಆಮೇಲೆ ಉಪಮಂತ್ರಿಯೆಂಬ ಹೆಸರು ಕ್ರಮೇಣ ಅಳಿದು ರಾಜ್ಯಮಂತ್ರಿಯೆಂಬುದೇ ರೂಢಿಯಾಯಿತು. 2024ರ ಜೂನ್ ತಿಂಗಳಲ್ಲಿ ಈ ಖಾತೆಗೆ ಅಂಥ ಇಬ್ಬರನ್ನು ನೇಮಿಸಿದರು.

ಅನಿವಾಸಿ ಭಾರತೀಯರ ಖಾತೆಯು 2016ರಲ್ಲಿ ಪರರಾಷ್ಟ್ರ ಖಾತೆಯೊಳಗೆ ಸೇರಿದಂದಿನಿಂದ, ಕೊಲ್ಲಿ ದೇಶಗಳಲ್ಲಿ ದುಡಿಯುವವನ ಪಗಾರ ನಿಂತರೂ ಅವನ ಶವ ಊರಿಗೆ ಬರಬೇಕಾದರೂ ಅರ್ಜಿ ಹೋಗುವುದು ಇದೇ ಬಾಗಿಲಿಗೆ. ಆ ಅರ್ಜಿಯ ಮೇಲೆ ಹುಕುಂ ಬರೆಯುವ ಅಧಿಕಾರ ರಾಜ್ಯಮಂತ್ರಿಗಿದೆಯೋ, ಇಲ್ಲವೇ ಅವನೂ ಅದನ್ನು ಮೇಲಕ್ಕೆ ಸಾಗಿಸುವವನಷ್ಟೆಯೋ? ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಮತದಿಂದ ಲೋಕಸಭೆಗೆ ಹೋದವರು ಮುಂದಿನ ಅಧಿವೇಶನದಲ್ಲಿ ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಲಿ. ಉತ್ತರ ಕೊಡಲು ಎದ್ದು ನಿಲ್ಲುವವರು ಯಾರೆಂಬುದನ್ನೂ ನಾವು ನೋಡೋಣ.