ಗಾಜಿನ ಹಿಂದಿನ ರಬ್ಬರ್ ಬಳೆ

ಏಪ್ರಿಲ್ ತಿಂಗಳ ಮಧ್ಯಾಹ್ನ ವಿಜಯಪುರದಿಂದ ತಿಕೋಟಾದ ಹಾದಿ ಹಿಡಿದವರಿಗೆ ಬಿಸಿಲು ಮತ್ತು ಧೂಳು ಎರಡೂ ಜೊತೆಗಾರರು. ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವ ರೈತನಿಗೆ ಈ ಒಣಹವೆ ವರವೇ ಸರಿ. ಆದರೆ ಅದೇ ಹಾದಿಯಲ್ಲಿ ವರ್ಷಗಟ್ಟಲೆ ಓಡಿದ ಹಳೆಯ ಜೀಪು, ಟ್ರ್ಯಾಕ್ಟರುಗಳ ಮೀಟರುಗಳನ್ನೊಮ್ಮೆ ನೋಡಬೇಕು. ಗಾಜು ಮಸುಕಾಗಿರುತ್ತದೆ. ಮುಳ್ಳು ಎಲ್ಲಿ ನಿಂತಿದೆಯೆಂದು ಬೆರಳಿನಿಂದ ಎಷ್ಟು ಉಜ್ಜಿದರೂ ಕಾಣದು. ಏಕೆಂದರೆ ಧೂಳು ಕೂತಿರುವುದು ಗಾಜಿನ ಒಳಮೈಗೆ.

ಇದು ಬರಿಯ ಅಂದಚಂದದ ಮಾತಲ್ಲ. ನೀರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದ್ದು ಚಾಲಕನಿಗೆ ಕಾಣದೆ ಹೋದರೆ ಎಂಜಿನ್ ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಸಾವಿರಾರು ರೂಪಾಯಿಯ ಈ ನಷ್ಟಕ್ಕೆ ಮೂಲ ಕೆಲವೊಮ್ಮೆ ಗಾಜಿಗೂ ಅದರ ಲೋಹದ ಅಂಚಿಗೂ ನಡುವೆ ಇರುವ ಒಂದು ಸಣ್ಣ ರಬ್ಬರ್ ಬಳೆ. ಗ್ಯಾರೇಜುಗಳಲ್ಲಿ ಇದನ್ನು ‘ಪ್ಯಾಕಿಂಗ್’ ಎನ್ನುತ್ತಾರೆ.

ಡಬ್ಬಿಯೂ ಉಸಿರಾಡುತ್ತದೆ

ಮುಚ್ಚಿದ ಡಬ್ಬಿಯೊಳಗೆ ಧೂಳು ಹೋಗುವುದಾದರೂ ಹೇಗೆ? ಉತ್ತರ ಶಾಲೆಯ ಪಠ್ಯದಲ್ಲೇ ಇದೆ. ಒತ್ತಡ ಬದಲಾಗದಿದ್ದರೆ ಅನಿಲದ ಗಾತ್ರ ಅದರ ಕೆಲ್ವಿನ್ ಉಷ್ಣತೆಗೆ ಅನುಗುಣವಾಗಿರುತ್ತದೆ ಎಂಬುದು ಚಾರ್ಲ್ಸ್ ನಿಯಮ. ಬೆಳಿಗ್ಗೆ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್‌ನಲ್ಲಿದ್ದ ಮೀಟರಿನೊಳಗಿನ ಗಾಳಿ, ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ 57 ಡಿಗ್ರಿಗೆ, ಅಂದರೆ 330 ಕೆಲ್ವಿನ್‌ಗೆ ಏರಿತೆನ್ನೋಣ. ಗಾಳಿ ಹತ್ತರಲ್ಲಿ ಒಂದು ಪಾಲು ಹಿಗ್ಗಿ, ಆ ಹೆಚ್ಚಿನ ಪಾಲು ಸಂದಿನಿಂದ ಹೊರಗೆ ಹೋಗುತ್ತದೆ. ಸಂಜೆ ತಂಪಾದಾಗ ಅಷ್ಟೇ ಗಾಳಿ ಒಳಗೆ ಬರುತ್ತದೆ. ಬರುವಾಗ ಎರೆಮಣ್ಣಿನ ನಯವಾದ ಧೂಳನ್ನೂ, ಮಳೆಗಾಲವಾದರೆ ತೇವವನ್ನೂ ತರುತ್ತದೆ. ಹೀಗೆ ದಿನಕ್ಕೊಂದು ಉಸಿರು, ವರ್ಷಕ್ಕೆ 365 ಉಸಿರು.

ಬಳೆ ಮೃದುವಾಗಿ, ಬಿಗಿಯಾಗಿ ಕೂತಿದ್ದರೆ ಧೂಳಿಗೆ ಈ ದಾರಿ ಸಿಗದು. ರಬ್ಬರಿನ ಉದ್ದನೆಯ ಅಣುಗಳನ್ನು ಗಂಧಕದ ಕೊಂಡಿಗಳಿಂದ ಬೆಸೆಯುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಗುಣ ಈ ಕೊಂಡಿಗಳದು. ಆದರೆ ಬಿಸಿ, ಆಮ್ಲಜನಕ, ಓಜೋನ್‌ಗಳ ಕಾಟದಿಂದ ಕಾಲಾನಂತರದಲ್ಲಿ ಕೊಂಡಿಗಳ ವ್ಯವಸ್ಥೆ ಕೆಡುತ್ತದೆ. ರಬ್ಬರ್ ಗಟ್ಟಿಯಾಗುತ್ತದೆ, ಬಿರಿಯುತ್ತದೆ. ಒತ್ತಿದಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ.

ಸಣ್ಣ ಬಳೆಯೆಂದು ಹಗುರವಾಗಿ ಕಾಣುವಂತಿಲ್ಲ. 1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ಬಾಹ್ಯಾಕಾಶ ನೌಕೆ ಸ್ಫೋಟಗೊಂಡು ಏಳು ಮಂದಿ ಸತ್ತದ್ದಕ್ಕೆ ಕಾರಣ, ಚಳಿಗೆ ಸೆಟೆದುಕೊಂಡ ರಬ್ಬರ್ ಬಳೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತನಿಖೆಯ ವೇಳೆ ರಬ್ಬರಿನ ತುಂಡೊಂದನ್ನು ಅದುಮಿ ಹಿಡಿದು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರು. ಹಿಡಿತ ಬಿಟ್ಟಾಗ ಅದು ಥಟ್ಟನೆ ಹಿಗ್ಗಲಿಲ್ಲ. ಚಳಿ ತಾತ್ಕಾಲಿಕವಾಗಿ ಮಾಡಿದ್ದನ್ನು ನಮ್ಮ ಕಡೆಯ ಬಿಸಿಲು ವರ್ಷಗಳಲ್ಲಿ ಶಾಶ್ವತವಾಗಿ ಮಾಡುತ್ತದೆ.

ಬದಲಾಯಿಸುವ ಬಗೆ

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜತನದಿಂದ ಇಟ್ಟುಕೊಂಡವರಿಗೆ ಈ ಬಳೆಗಳ ಬದಲಾವಣೆ ಒಂದು ವ್ರತವಿದ್ದಂತೆ. ಬ್ರಿಟನ್ನಿನ ಎಂ.ಜಿ., ಟ್ರಯಂಫ್ ಕಾರುಗಳಲ್ಲಿ ‘ಸ್ಮಿತ್ಸ್’ ಕಂಪನಿಯ ದುಂಡನೆಯ ಮೀಟರುಗಳಿದ್ದವು. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು 1962ರಲ್ಲಿ ಬಂದದ್ದು ಹೆರಾಲ್ಡ್ ಕಾರಿನ ಚಾಸಿಯನ್ನು ಮೋಟು ಮಾಡಿ. ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಗಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಿತು. ಹಾಗೆ ನೋಡಿದರೆ ಆ ಸ್ಪೋರ್ಟ್ಸ್ ಕಾರು ನಮಗೆ ತೀರ ಪರಕೀಯವೇನಲ್ಲ.

ಕೆಲಸದ ಮೊದಲ ಹೆಜ್ಜೆ ಬ್ಯಾಟರಿಯ ತಂತಿ ಬಿಚ್ಚುವುದು. ಯಾವ ತಂತಿ ಎಲ್ಲಿತ್ತೆಂದು ಕಾಗದದ ಮೇಲೆ ಗುರುತು ಮಾಡಿಕೊಂಡ ನಂತರವೇ ಮೀಟರನ್ನು ಹೊರತೆಗೆಯಬೇಕು. ಹಳೆಯ ಕಾರುಗಳ ಬಿಸಿ ತೋರಿಸುವ ಮೀಟರಿನಿಂದ ಎಂಜಿನ್ನಿಗೆ ಕೂದಲಿನಂಥ ತಾಮ್ರದ ನಳಿಕೆ ಹೋಗಿರುತ್ತದೆ. ಅದರಲ್ಲಿ ಈಥರ್ ಇರುವುದರಿಂದ ಕತ್ತರಿಸಿದರೆ ಮೀಟರ್ ಕೆಟ್ಟಂತೆಯೇ.

ಹೊರಗಿನ ಲೋಹದ ಅಂಚಿಗೆ ಹಿಂಬದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಅಂಚನ್ನು ನಿಧಾನವಾಗಿ ತಿರುಗಿಸಿ ಹಲ್ಲುಗಳನ್ನು ಡಬ್ಬಿಯ ಕಚ್ಚುಗಳ ನೇರಕ್ಕೆ ತಂದರೆ ಅದು ಕಳಚಿಕೊಳ್ಳುತ್ತದೆ. ಕೆಲವು ಮೀಟರುಗಳಲ್ಲಿ ಅಂಚನ್ನು ಮಡಚಿಯೇ ಬಿಗಿದಿರುತ್ತಾರೆ. ಅವನ್ನು ಬಿಡಿಸುವುದು ಪಳಗಿದ ಕೈಯ ಕೆಲಸ. ಗಾಜನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಅಂಕಿಗಳಿರುವ ಫಲಕವನ್ನು ಮಾತ್ರ ಒರೆಸಬಾರದು, ಬಣ್ಣ ಎದ್ದುಬರುತ್ತದೆ. ಮುಳ್ಳನ್ನೂ ಮುಟ್ಟಬಾರದು.

ಹಳೆಯ ಬಳೆಯ ದಪ್ಪವನ್ನು ಚಪ್ಪಟೆಯಾಗದ ಕಡೆ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಬೇಕು. ಹೊಸ ಬಳೆ ದಪ್ಪನಾದರೆ ಅಂಚು ಕೂಡದು, ಒತ್ತಿದರೆ ಗಾಜು ಒಡೆದೀತು. ತೆಳ್ಳಗಾದರೆ ಮತ್ತೆ ಧೂಳು. ಬಿಸಿಲಿಗೂ ಓಜೋನಿಗೂ ತಡೆಯುವುದು ಇಪಿಡಿಎಂ ಎಂಬ ರಬ್ಬರ್. ಪೆಟ್ರೋಲು, ಎಣ್ಣೆ ತಾಗುವಲ್ಲಿ ನೈಟ್ರೈಲ್ ರಬ್ಬರ್ ಒಳ್ಳೆಯದು.

ಬಳೆಯ ಬದಲು ಸಿಲಿಕೋನ್ ಅಂಟು ಬಳಿಯುವವರಿದ್ದಾರೆ. ವಿನಿಗರ್ ವಾಸನೆ ಬರುವ ಅಂಟಿನಿಂದ ಅಸಿಟಿಕ್ ಆಮ್ಲದ ಆವಿ ಹೊರಡುತ್ತದೆ. ಮುಚ್ಚಿದ ಡಬ್ಬಿಯೊಳಗೆ ಅದು ಲೋಹವನ್ನು ತಿನ್ನುತ್ತದೆ. ಧೂಳು ತಡೆಯಲು ಹೋಗಿ ತುಕ್ಕು ತಂದುಕೊಂಡ ಹಾಗೆ!

ಎಚ್ಚರಿಕೆ: ನಿಜವಾದ ರೇಡಿಯಂ

ವಿದ್ಯಾರ್ಥಿಗಳು ಮರೆಯಬಾರದ ಮಾತೊಂದಿದೆ. ಗಾಡಿಗಳಿಗೆ ಮಿನುಗುವ ಸ್ಟಿಕ್ಕರ್ ಅಂಟಿಸುವ ಅಂಗಡಿಗಳ ಹಲಗೆಯ ಮೇಲೆ ‘ರೇಡಿಯಂ’ ಎಂದು ಬರೆದಿರುತ್ತದೆ. ಆ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಅದು ಬೆಳಕನ್ನು ಹಿಂದಕ್ಕೆ ಕಳಿಸುವ ಹಾಳೆ ಅಷ್ಟೆ. ಆದರೆ ಬಹಳ ಹಳೆಯ ಕೆಲವು ಕಾರು, ವಿಮಾನ, ಗಡಿಯಾರಗಳ ಅಂಕಿಗಳಿಗೆ ನಿಜವಾದ ರೇಡಿಯಂ ಬಣ್ಣವನ್ನೇ ಬಳಿದಿದ್ದರು. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ಇಂಥ ಬಣ್ಣ ಬಳಿಯುತ್ತಿದ್ದ ಅಮೆರಿಕದ ಯುವತಿಯರು ಕುಂಚವನ್ನು ತುಟಿಯಿಂದ ಚೂಪು ಮಾಡುತ್ತಿದ್ದುದರಿಂದ 1920ರ ದಶಕದಲ್ಲಿ ದವಡೆ, ಮೂಳೆಗಳ ರೋಗಕ್ಕೆ ತುತ್ತಾದರು. ಆದ್ದರಿಂದ ಅಜ್ಜನ ಕಾಲದ ಮೀಟರು ಸಿಕ್ಕಿತೆಂದು ಮಕ್ಕಳು ಅದನ್ನು ಬಿಚ್ಚಬಾರದು. ಉದುರಿದ ಬಣ್ಣದ ಪುಡಿ ಉಸಿರಿನೊಡನೆ ಒಳಗೆ ಹೋದರೆ ಅಪಾಯ.

ಪಾಲಕರಿಗೂ ಒಂದು ಮಾತು. ಸ್ಪೀಡೋಮೀಟರ್ ಬಿಚ್ಚಿದಾಗ ಗಾಡಿ ಓಡಿದ ಕಿಲೋಮೀಟರಿನ ಅಂಕಿಗಳು ಕೈಗೆಟಕುತ್ತವೆ. ಅವನ್ನು ಹಿಂದಕ್ಕೆ ತಿರುಗಿಸಿ ಗಾಡಿ ಮಾರುವುದು ಮೋಸ. ಪಕ್ಕದಲ್ಲಿ ನಿಂತು ನೋಡುವ ಮಗ, ಮಗಳು ಬಳೆ ಹಾಕುವುದನ್ನು ಕಲಿತಷ್ಟೇ ಸುಲಭವಾಗಿ ಇದನ್ನೂ ಕಲಿಯುತ್ತಾರೆ.

ಈ ಪಾಠಕ್ಕೆ ಕಾರು ಬೇಕೆಂದೇನಿಲ್ಲ. ಬಬಲೇಶ್ವರದ ಮನೆಯಾಗಲಿ, ನಗರದ ಮನೆಯಾಗಲಿ, ಅಡುಗೆಮನೆಯಲ್ಲಿ ಕುಕ್ಕರ್ ಇದ್ದೇ ಇರುತ್ತದೆ. ತೆಗೆದಿಟ್ಟ ಹಳೆಯ ಗ್ಯಾಸ್ಕೆಟ್ಟನ್ನೂ ಹೊಸದನ್ನೂ ಉಗುರಿನಿಂದ ಒತ್ತಿ ನೋಡಿ. ಯಾವುದರಲ್ಲಿ ಗುರುತು ಬೇಗ ಮಾಯವಾಗುತ್ತದೆ? ಎರಡನ್ನೂ ಬಗ್ಗಿಸಿದಾಗ ಯಾವುದರಲ್ಲಿ ಬಿರುಕು ಕಾಣುತ್ತದೆ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಬೇಸಿಗೆಯ ಕೊನೆಗೆ ಅದೇ ಹೊಸ ಗ್ಯಾಸ್ಕೆಟ್ಟನ್ನು ಇನ್ನೊಮ್ಮೆ ಪರೀಕ್ಷಿಸಬಹುದು.