ಖರ್ಜೂರ ವೃಕ್ಷ

ಖರ್ಜೂರವನ್ನು ತಿಂದು ಬೀಜವನ್ನು ಹಿತ್ತಲಿಗೆ ಎಸೆದವರಲ್ಲಿ ಕೆಲವರಿಗಾದರೂ ಒಂದು ಅನುಭವವಾಗಿರಬಹುದು. ಮಳೆ ಬಿದ್ದ ಕೆಲವು ವಾರಗಳ ಮೇಲೆ ಹುಲ್ಲಿನ ಎಸಳಿನಂತಹ ಎಲೆಯೊಂದು ನೆಲದಿಂದ ಮೇಲೇಳುತ್ತದೆ. ಮನೆಯ ಮಕ್ಕಳು ಅದಕ್ಕೆ ನೀರೆರೆಯುತ್ತಾರೆ. ವರ್ಷಗಳು ಉರುಳಿ ಗಿಡವು ಮರವಾಗುತ್ತದೆ. ಆದರೆ ಹಣ್ಣು ಮಾತ್ರ ಕಾಣುವುದಿಲ್ಲ. ಕಂಡರೂ ನಾವು ತಿಂದ ಹಣ್ಣಿಗೂ ಅದಕ್ಕೂ ಹೋಲಿಕೆಯೇ ಇರುವುದಿಲ್ಲ. ಇದಕ್ಕಾಗಿ ನಮ್ಮ ಮಣ್ಣನ್ನು ದೂರುವುದು ವಾಡಿಕೆ. ಹವೆಯ ಪಾಲೂ ಇದರಲ್ಲಿ ಉಂಟು, ಅದನ್ನು ಮುಂದೆ ಹೇಳುತ್ತೇವೆ. ಆದರೆ ಮೊದಲ ತಪ್ಪು ಬೀಜವನ್ನು ನಂಬಿದುದರಲ್ಲಿದೆ. ಸುಮಾರು 6000 ವರ್ಷಗಳಿಂದ ಮನುಷ್ಯನ ಕೈಗೆ ಒಗ್ಗಿಹೋದ ಈ ಮರವು ಆ ಕೈಯ ನೆರವಿಲ್ಲದೆ ಒಳ್ಳೆಯ ಫಲವನ್ನು ಕೊಡಲಾರದು.

ನಮ್ಮ ನಾಡಿನ ಹಳ್ಳಗಳ ದಡದಲ್ಲಿಯೂ ಕೆರೆಗಳ ಹಿಂದೆಯೂ ಬೆಳೆಯುವ ಈಚಲು ಖರ್ಜೂರದ ದಾಯಾದಿ. ಸಸ್ಯಶಾಸ್ತ್ರಜ್ಞರು ಎರಡನ್ನೂ ಫೀನಿಕ್ಸ್ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದಾರೆ. ಗರಿ, ಮುಳ್ಳು, ಒರಟು ಕಾಂಡ, ಎಲ್ಲದರಲ್ಲಿಯೂ ಮನೆತನದ ಹೋಲಿಕೆ ಸ್ಪಷ್ಟವಾಗಿದೆ. ಆದರೆ ಈಚಲ ಹಣ್ಣಿನಲ್ಲಿ ಬೀಜವೇ ಹೆಚ್ಚು, ತಿರುಳು ಅತ್ಯಲ್ಪ. ಆದುದರಿಂದ ನಮ್ಮ ಜನರು ಅದರ ಹಣ್ಣಿಗಿಂತ ರಸವನ್ನೇ ಮೆಚ್ಚಿಕೊಂಡರು. ಅದರ ಪರಿಣಾಮವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಈ ಕುಲದಲ್ಲೆಲ್ಲ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗುತ್ತವೆ. ಅವು ಹೂವನ್ನು ಬಿಡುತ್ತವೆಯೇ ಹೊರತು ಹಣ್ಣನ್ನಲ್ಲ. ಪರಾಗವನ್ನು ಗಾಳಿಯು ಒಯ್ಯಬಲ್ಲುದು. ಆದರೆ ಗಾಳಿಯನ್ನೇ ನೆಚ್ಚಿದರೆ ತೋಟದಲ್ಲಿ ಅರ್ಧಭಾಗವನ್ನು ಗಂಡು ಮರಗಳಿಗೆ ಬಿಟ್ಟುಕೊಡಬೇಕು. ನೀರಿಗೆ ಬೆಲೆಯುಳ್ಳ ಮರಳುಗಾಡಿನಲ್ಲಿ ಇದು ಸಾಗದ ಮಾತು. ಆದುದರಿಂದ ಅಲ್ಲಿಯ ತೋಟಗಾರನು ಐವತ್ತು ಹೆಣ್ಣು ಮರಗಳಿಗೆ ಒಂದು ಗಂಡು ಮರವನ್ನಿಟ್ಟುಕೊಂಡು, ಗಾಳಿಯ ಕೆಲಸವನ್ನು ತಾನೇ ಮಾಡುತ್ತಾನೆ. ವಸಂತದಲ್ಲಿ ಗಂಡು ಹೊಂಬಾಳೆಯು ಒಡೆದೊಡನೆ ಅದರ ಎಳೆಗಳನ್ನು ಕತ್ತರಿಸಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಹೆಣ್ಣು ಮರವನ್ನೇರಿ, ಆಗತಾನೆ ಅರಳಿದ ಗೊಂಚಲಿನ ನಡುವೆ ಎರಡು ಮೂರು ಎಳೆಗಳನ್ನು ತಲೆಕೆಳಗಾಗಿ ಸಿಕ್ಕಿಸಿ ಕಟ್ಟುತ್ತಾನೆ. ಗೊಂಚಲುಗಳೆಲ್ಲ ಒಂದೇ ದಿನ ಅರಳುವುದಿಲ್ಲವಾದುದರಿಂದ ಒಂದೊಂದು ಮರವನ್ನೂ ಹಲವು ಸಲ ಹತ್ತಬೇಕು. ಈಗ ಪರಾಗವನ್ನು ಒಣಗಿಸಿಟ್ಟು ಯಂತ್ರದಿಂದ ಊದುವುದೂ ಉಂಟು. ಈ ಉಪಚಾರವು ತಪ್ಪಿದರೆ ಹೂವಿನ ಮೂರು ಅಂಡಕೋಶಗಳೂ ಒಟ್ಟಿಗೆ ಬೆಳೆದು, ಬೀಜವೂ ರುಚಿಯೂ ಇಲ್ಲದ ಮೂರು ಪೀಚುಕಾಯಿಗಳಾಗಿ ನಿಂತುಬಿಡುತ್ತವೆ.

ಈ ವಿದ್ಯೆಯು ಎಷ್ಟು ಹಳೆಯದೆಂಬುದಕ್ಕೆ ಕಲ್ಲಿನ ಮೇಲಿನ ಸಾಕ್ಷ್ಯವಿದೆ. ಕ್ರಿ. ಪೂ. 18ನೆಯ ಶತಮಾನದಲ್ಲಿ ಬಾಬಿಲೋನನ್ನು ಆಳಿದ ಹಮ್ಮುರಬಿಯ ಶಾಸನಸ್ತಂಭವು 1901ರಲ್ಲಿ ಸೂಸಾ ನಗರದ ಅವಶೇಷಗಳಲ್ಲಿ ದೊರೆಯಿತಷ್ಟೆ. ಅದರಲ್ಲಿ ಪರಾಗ ಕೂಡಿಸುವುದಕ್ಕೆಂದು ತೋಟವನ್ನು ವಹಿಸಿಕೊಂಡ ತೋಟಗಾರನು ಫಸಲಿನ ಮೂರರಲ್ಲಿ ಎರಡು ಪಾಲನ್ನು ಒಡೆಯನಿಗೆ ಕೊಟ್ಟು ಒಂದು ಪಾಲನ್ನು ತಾನಿಟ್ಟುಕೊಳ್ಳಬೇಕೆಂಬ ವಿಧಿಯಿದೆ. ಅವನು ಕೆಲಸದಲ್ಲಿ ಉದಾಸೀನ ಮಾಡಿ ಫಸಲು ಕುಗ್ಗಿದರೆ, ನೆರೆಯ ತೋಟದ ಬೆಳೆಯನ್ನು ಅಳತೆಯಾಗಿಟ್ಟುಕೊಂಡು ನಷ್ಟವನ್ನು ತುಂಬಿಕೊಡಬೇಕು. ಸಸ್ಯಗಳಲ್ಲಿ ಗಂಡುಹೆಣ್ಣೆಂಬ ಭೇದವುಂಟೆಂದು ಕಾಮೆರೇರಿಯಸ್ ಎಂಬ ಜರ್ಮನ್ ಪಂಡಿತನು ಪ್ರಯೋಗದಿಂದ ಸ್ಥಾಪಿಸಿದುದು 1694ರಲ್ಲಿ. ವಿದ್ವಾಂಸರು ಒಪ್ಪುವುದಕ್ಕೆ ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ತೋಟದ ಕೂಲಿಯವನು ಆ ಜ್ಞಾನದಿಂದ ಹೊಟ್ಟೆ ಹೊರೆಯುತ್ತಿದ್ದನು!

ಇನ್ನು ಬೀಜವನ್ನು ಬಿಟ್ಟರೆ ತೋಟವನ್ನು ಹಾಕುವುದು ಹೇಗೆ? ಈಚಲಲ್ಲಿ ಕಾಣದ ಒಂದು ಗುಣವು ಖರ್ಜೂರಕ್ಕೆ ಉಂಟು. ಬಾಳೆಯಂತೆ ಅದು ಎಳೆಯ ಪ್ರಾಯದಲ್ಲಿ ಬುಡದ ಸುತ್ತಲೂ ಕಂದುಗಳನ್ನು ಬಿಡುತ್ತದೆ. ಅವನ್ನು ಬೇರುಸಹಿತ ಬಿಡಿಸಿ ನೆಟ್ಟರೆ ತಾಯಿಯ ಗುಣವೇ ಮರಿಯಲ್ಲಿ ತಪ್ಪದೆ ಬರುತ್ತದೆ. ಬೀಜದ ಸಸಿಯಾದರೋ ಪ್ರತಿಯೊಂದೂ ಬೇರೆ ಜಾತಿ. ಹೀಗೆ ಹೆಸರಾಂತ ತಳಿಯೆಂದರೆ ಎಂದೋ ಯಾರೋ ಮೆಚ್ಚಿ ಉಳಿಸಿಕೊಂಡ ಒಂದೇ ಮರವು ಕಂದಿನಿಂದ ಕಂದಿಗೆ ಇಂದಿನವರೆಗೂ ಬದುಕಿ ಬಂದುದೆನ್ನಬಹುದು. ಇದರಲ್ಲಿ ಲಾಭವಿದ್ದಷ್ಟೇ ಅಪಾಯವೂ ಇದೆ. ಒಂದಕ್ಕೆ ತಗುಲಿದ ರೋಗವನ್ನು ತಡೆಯುವ ಶಕ್ತಿಯು ಅದರ ಬಂಧುಗಳಲ್ಲಿ ಯಾವುದಕ್ಕೂ ಇರುವುದಿಲ್ಲ.

ಮೊರಾಕೋ ದೇಶದಲ್ಲಿ ಇದೇ ನಡೆಯಿತು. ಮಣ್ಣಿನಲ್ಲಿರುವ ಒಂದು ಬೂಷ್ಟು ಬೇರಿನ ಮೂಲಕ ಒಳಹೊಕ್ಕು ಗರಿಗಳನ್ನು ಬಿಳಿಚಿಸಿ ಮರವನ್ನೇ ಕೊಲ್ಲುತ್ತದೆ. ಅರಬರು ಇದನ್ನು ‘ಬಯೂದ್’ ಎಂದು ಕರೆಯುತ್ತಾರೆ. ಒಂದು ಶತಮಾನದಲ್ಲಿ ಆ ದೇಶದ ಸುಮಾರು ಒಂದು ಕೋಟಿ ಮರಗಳು ಇದಕ್ಕೆ ಬಲಿಯಾದುವು. ಹಣ್ಣುಗಳಲ್ಲಿ ಶ್ರೇಷ್ಠವಾದ ಮೆಜೂಲ್ ತಳಿಯು ಇದಕ್ಕೆ ಎಲ್ಲಕ್ಕಿಂತ ಸುಲಭವಾಗಿ ತುತ್ತಾಗತಕ್ಕದ್ದು. 1927ರಲ್ಲಿ ವಾಲ್ಟರ್ ಸ್ವಿಂಗಲ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞನು ಬೂದೆನಿಬ್ ಎಂಬ ಮರಳುಗಾಡಿನ ಊರಿನಿಂದ ರೋಗವಿಲ್ಲದ 11 ಕಂದುಗಳನ್ನು ತನ್ನ ದೇಶಕ್ಕೆ ತಂದನು. ಬೇರೆ ಖರ್ಜೂರದ ಮರವಿಲ್ಲದ ನೆವಾಡ ಪ್ರಾಂತದ ಒಂದು ಎಡೆಯಲ್ಲಿ ಅವನ್ನು ವರ್ಷಗಟ್ಟಲೆ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿದರು. ಬದುಕಿ ಉಳಿದುವು 9. ಇಂದು ಕ್ಯಾಲಿಫೋರ್ನಿಯದಲ್ಲಿ ಬೆಳೆದು ದೇಶದೇಶಗಳಿಗೆ ಹೋಗುವ ಮೆಜೂಲ್ ಹಣ್ಣುಗಳೆಲ್ಲ ಬಹುಮಟ್ಟಿಗೆ ಈ ಒಂಬತ್ತರ ಸಂತತಿ.

ಬೇರಿಗೆ ನೀರು, ನೆತ್ತಿಗೆ ಬೆಂಕಿ: ಈ ಮರಕ್ಕೆ ಬೇಕಾದುದು ಇಷ್ಟೇ ಎಂದು ಅರಬರು ಹೇಳುತ್ತಾರೆ. ಬರಗಾಲವನ್ನು ಅದು ಸಹಿಸೀತು, ಉಪ್ಪುನೆಲವನ್ನೂ ಒಂದು ಮಿತಿಯವರೆಗೆ ಸಹಿಸೀತು, ಹಣ್ಣಾಗುವ ಹೊತ್ತಿನಲ್ಲಿ ಬೀಳುವ ಮಳೆಯನ್ನು ಮಾತ್ರ ಸಹಿಸದು. ಹಣ್ಣು ಬಿರಿದು ಹುಳಿತು ಉದುರುತ್ತದೆ. ನಮ್ಮ ಹಿತ್ತಲಿನ ಹೆಣ್ಣು ಮರಕ್ಕೂ ಇದೇ ತೊಡಕು. ಕಚ್ಛ ದೇಶದ ರೈತರು ಮುಂಗಾರಿನ ಮೊದಲೇ, ಕಾಯಿಯು ಹಳದಿಯೋ ಕೆಂಪೋ ಆಗಿ ಇನ್ನೂ ಗಟ್ಟಿಯಾಗಿರುವಾಗಲೇ ಕೊಯ್ದು ಮಾರಿಬಿಡುತ್ತಾರೆ. ಇಂತಹ ಬಲಿತ ಕಾಯಿಯನ್ನು ನೀರಿನಲ್ಲಿ ಕುದಿಸಿ ಬಿಸಿಲಿನಲ್ಲಿ ಒಣಗಿಸಿದರೆ ಅದೇ ನಮ್ಮ ಉತ್ತತ್ತಿ. ಬಾಣಂತಿಯರ ಅಂಟಿನುಂಡೆಗೆ ಬೀಳುವ ಈ ಸುಕ್ಕುಗಾಯಿಯೂ ಡಬ್ಬಿಯಲ್ಲಿ ಬರುವ ಮೆತ್ತನೆಯ ಹಣ್ಣೂ ಒಂದೇ ಮರದವೆಂದು ಹೇಳಿದರೆ ನಂಬದವರನ್ನು ನಾವು ಕಂಡಿದ್ದೇವೆ.

ಮರದಲ್ಲಿಯೇ ಮಾಗಿದುದನ್ನು ಅರಬರು ಮೊದಲು ‘ರುತಬ್’ ಎಂದೂ, ನೀರಾರಿದ ಮೇಲೆ ‘ತಮ್ರ್’ ಎಂದೂ ಕರೆಯುತ್ತಾರೆ. ಈ ಕೊನೆಯ ಹಂತದಲ್ಲಿ ತೂಕದ ಮುಕ್ಕಾಲು ಪಾಲಿಗೆ ಸಮೀಪವಾಗಿ ಸಕ್ಕರೆಯೇ ಇರುವುದರಿಂದ ಹಣ್ಣು ತಾನಾಗಿ ಕೆಡದೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಒಂಟೆಯ ಮೇಲೆ ವಾರಗಟ್ಟಲೆ ಪ್ರಯಾಣ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದು? ಹಣ್ಣನ್ನು ಹಿಂಡಿ ‘ದಿಬ್ಸ್’ ಎಂಬ ಪಾಕವನ್ನೂ, ಹುಳಿಯಿಸಿ ಕಾಡಿಯನ್ನೂ ಮಾಡುತ್ತಾರೆ. ಬೀಜವನ್ನು ಅರೆದು ದನಕರುಗಳಿಗೆ ಹಾಕುತ್ತಾರೆ. ಹುರಿದು ಕಾಫಿಗೆ ಬದಲಾಗಿ ಕುಡಿಯುವವರೂ ಇದ್ದಾರೆ, ಮೈಸೂರಿನ ಶ್ರೋತೃಗಳಿಗೆ ನಾವು ಅದನ್ನು ಶಿಫಾರಸು ಮಾಡಲಾರೆವು.

ಈ ಮರದ ವೈಭವವನ್ನು ಒಂದು ಕಾಲದಲ್ಲಿ ನೋಡಬೇಕಾಗಿದ್ದುದು ಇರಾಕಿನ ಬಸ್ರಾ ನಗರದ ಕೆಳಗೆ, ಷತ್ತ್-ಅಲ್-ಅರಬ್ ನದಿಯ ಎರಡು ದಡಗಳಲ್ಲಿ. 20ನೆಯ ಶತಮಾನದ ನಡುವೆ ಇರಾಕಿನಲ್ಲಿ ಮೂರು ಕೋಟಿಗೆ ಮೀರಿದ ಖರ್ಜೂರದ ಮರಗಳಿದ್ದುವೆಂದು ಲೆಕ್ಕ. ನಮ್ಮ ಪಶ್ಚಿಮ ತೀರದ ಬಂದರುಗಳಿಗೆ ಹಾಯಿಹಡಗುಗಳು ತಂದಿಳಿಸುತ್ತಿದ್ದುದು ಈ ದಡಗಳ ಹಣ್ಣನ್ನೇ. ಅಲ್ಲಿ ಏತವೂ ಬೇಕಿರಲಿಲ್ಲ, ಕಪಿಲೆಯೂ ಬೇಕಿರಲಿಲ್ಲ. ಸಮುದ್ರದ ಉಬ್ಬರವು ದಿನಕ್ಕೆರಡು ಬಾರಿ ನದಿಯ ಸಿಹಿನೀರನ್ನು ಹಿಂದಕ್ಕೆ ಒತ್ತುತ್ತಿತ್ತು. ಆ ನೀರು ಕಾಲುವೆಗಳಲ್ಲಿ ಏರಿ ತೋಟವನ್ನು ನೆನೆಸಿ, ಇಳಿತದಲ್ಲಿ ಹೊರಗೆ ಹೋಗುತ್ತಿತ್ತು. 1980ರಿಂದ 1988ರ ಪರಿಯಂತ ಇರಾನಿಗೂ ಇರಾಕಿಗೂ ನಡೆದ ಯುದ್ಧದಲ್ಲಿ ಈ ತೋಟಗಳೇ ರಣಭೂಮಿಯಾದುವು. ಗುಂಡುಗಳಿಂದ ತಲೆ ಹಾರಿದ ಮರಗಳು ಕಂಬಗಳಂತೆ ಸಾಲಾಗಿ ನಿಂತುವು. ಖರ್ಜೂರಕ್ಕೆ ಕುಡಿಯು ಒಂದೇ. ತಲೆ ಹೋದ ಕಾಂಡವು ಮತ್ತೆ ಚಿಗುರುವುದಿಲ್ಲ. ಹತ್ತಿ ಕಟ್ಟಬೇಕಾದವರು ಊರು ಬಿಟ್ಟರು. ಆಮೇಲೆ ಮೇಲಿನ ದೇಶಗಳ ಅಣೆಕಟ್ಟುಗಳಿಂದ ನದಿಯು ಸೊರಗಿತು, ಸಮುದ್ರವು ಒಳಗೆ ನುಗ್ಗಿತು. 2018ರ ಬೇಸಗೆಯಲ್ಲಿ ಬಸ್ರಾ ನಗರದ ನಲ್ಲಿಗಳಲ್ಲಿಯೇ ಉಪ್ಪುನೀರು ಬಂದಿತು. ಹಿಂದೆ ತೋಟವನ್ನು ಸಾಕಿದ ಅದೇ ಉಬ್ಬರವು ಈಗ ಅದರ ಬೇರಿಗೆ ಉಪ್ಪನ್ನು ಎರೆಯುತ್ತಿದೆ.

ಬೀಜವನ್ನು ಹೀಗಳೆದು ಪ್ರಾರಂಭಿಸಿದೆವು. ಅದರ ಪರವಾಗಿ ಒಂದು ಮಾತನ್ನು ಹೇಳದಿರುವುದು ನ್ಯಾಯವಲ್ಲ. ಮೃತ ಸಮುದ್ರದ ದಡದ ಮಸಾದ ಕೋಟೆಯಲ್ಲಿ 1960ರ ದಶಕದ ಉತ್ಖನನದಲ್ಲಿ ಕೆಲವು ಖರ್ಜೂರದ ಬೀಜಗಳು ದೊರೆತಿದ್ದುವು. ಸುಮಾರು 2000 ವರ್ಷಗಳಷ್ಟು ಹಳೆಯವಾದ ಆ ಬೀಜಗಳಲ್ಲಿ ಒಂದನ್ನು 2005ರಲ್ಲಿ ಇಸ್ರೇಲಿನ ಸಂಶೋಧಕರು ಬಿತ್ತಿದರು. ಅದು ಮೊಳೆಯಿತು! ಬೈಬಲಿನ ದೀರ್ಘಾಯುವಾದ ಮೆಥುಸೆಲಾನ ಹೆಸರನ್ನು ಅದಕ್ಕೆ ಇಟ್ಟರು. ವರ್ಷಗಳ ಮೇಲೆ ಹೂ ಬಿಟ್ಟಾಗ ಅದು ಗಂಡು ಮರವೆಂದು ತಿಳಿದುಬಂದಿತು. ಅದೇ ಪ್ರದೇಶದ ಬೇರೊಂದೆಡೆಯ ಪ್ರಾಚೀನ ಬೀಜಗಳಿಂದ ಇನ್ನಷ್ಟು ಸಸಿಗಳನ್ನು ಎಬ್ಬಿಸಿದರು. ಅವುಗಳಲ್ಲಿ ಹೆಣ್ಣಾಗಿ ಬೆಳೆದ ಒಂದಕ್ಕೆ ಹ್ಯಾನಾ ಎಂದು ಹೆಸರಾಯಿತು. 2020ರಲ್ಲಿ ಮೆಥುಸೆಲಾನ ಪರಾಗವನ್ನು ಹ್ಯಾನಾಳ ಗೊಂಚಲಿಗೆ ಕೈಯಿಂದಲೇ ಸೋಕಿಸಿದರು. ಆ ವರ್ಷದ ಕೊಯ್ಲಿನಲ್ಲಿ ನೂರಕ್ಕಿಂತ ಸ್ವಲ್ಪ ಹೆಚ್ಚು ಹಣ್ಣುಗಳು ದೊರೆತುವು.