ಹಂಡೆಯೊಳಗೊಂದು ತಾಮ್ರದ ಸುರುಳಿ

ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಬನ್ನೂರು ಸೀಮೆಯ ಬಚ್ಚಲುಮನೆಗಳಲ್ಲಿ ಹಂಡೆಗೇ ಅಗ್ರಪೂಜೆ. ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬುತ್ತಾರೆ. ಉಳಿದ ದಿನಗಳಲ್ಲಿ ಅದೇ ಹಂಡೆಯ ಕೆಳಗೆ ತೆಂಗಿನ ಮಟ್ಟೆ, ಸೋಗೆ, ಕರಟಗಳು ಬೂದಿಯಾಗುತ್ತವೆ. ಹಾಗೆ ಉರಿದದ್ದರಲ್ಲಿ ನೀರಿಗೆ ಸೇರಿದ್ದೆಷ್ಟು, ಗಾಳಿಯ ಪಾಲಾದದ್ದೆಷ್ಟು?

ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಇದು. 1 ಕಿಲೋಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 8,400 ಕಿಲೋಜೂಲ್. ವಿದ್ಯುತ್ತಿನಲ್ಲಾದರೆ ಇದು ಸುಮಾರು ಎರಡೂಕಾಲು ಯೂನಿಟ್. ಒಣ ಸೌದೆ ಕಿಲೋಗೆ ಸುಮಾರು 15,000 ಕಿಲೋಜೂಲ್ ಕೊಡುತ್ತದೆ. ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಸೌದೆ ಸಾಕಾಗಬೇಕು! ಆದರೆ ಮೂರು ಕಲ್ಲಿನ ತೆರೆದ ಒಲೆಯ ದಕ್ಷತೆ ನೂರಕ್ಕೆ ಹತ್ತರ ಆಸುಪಾಸು. ಹಾಗಾಗಿ ಐದೂವರೆ ಕಿಲೋ ಉರಿಯುತ್ತದೆ. ಉಳಿದ ಒಂಬತ್ತು ಪಾಲು ಹೊಗೆಯೊಂದಿಗೆ ಹೊರಟುಹೋಗುತ್ತದೆ. ಈ ನಷ್ಟವನ್ನು ತಡೆಯಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ‘ಅಸ್ತ್ರ ಒಲೆ’ಯನ್ನು ರೂಪಿಸಿತು.

ನಡುವೆ ಒಂದು ಗೋಡೆ

ಬಿಸಿ ವಸ್ತುವಿನ ಶಾಖವನ್ನು, ಎರಡೂ ಬೆರೆಯದಂತೆ, ತಣ್ಣನೆಯ ವಸ್ತುವಿಗೆ ದಾಟಿಸುವ ಸಾಧನವೇ ಉಷ್ಣ ವಿನಿಮಯಕ. ಹೆಸರು ದೊಡ್ಡದು, ವಸ್ತು ಪರಿಚಿತವೇ. ಬಸ್ಸಿನ ರೇಡಿಯೇಟರ್, ಫ್ರಿಜ್ಜಿನ ಹಿಂದಿನ ಕೊಳವೆ ಎರಡೂ ಇದೇ ಜಾತಿ. ನಡುವೆ ಉರಿಕೊಳವೆ ಇರುವ ಹಳೆಯ ತಾಮ್ರದ ಬಾಯ್ಲರ್ ಕೂಡ ಅಷ್ಟೆ: ಕೊಳವೆಯೊಳಗೆ ಕೆಂಡ, ಸುತ್ತಲೂ ನೀರು. ಆಲೆಮನೆಯಲ್ಲಿ ಮೊದಲ ಕೊಪ್ಪರಿಗೆಯಿಂದ ತಪ್ಪಿಸಿಕೊಂಡ ಬಿಸಿಗಾಳಿ ಚಿಮಣಿ ಸೇರುವ ಮೊದಲು ಎರಡನೆಯ ಕೊಪ್ಪರಿಗೆಯ ಹಾಲನ್ನು ಬೆಚ್ಚಗೆ ಮಾಡುವಂತೆ ಒಲೆ ಕಟ್ಟುವುದೂ ಇದೇ ಉಪಾಯ.

ದಾಟುವ ಶಾಖದ ಪ್ರಮಾಣ ಮುಖ್ಯವಾಗಿ ಗೋಡೆಯ ವಿಸ್ತೀರ್ಣ, ಎರಡೂ ಬದಿಯ ತಾಪದ ಅಂತರ ಮತ್ತು ನೀರಿನ ಚಲನೆಯನ್ನು ಅವಲಂಬಿಸಿದೆ. ಕೊಳವೆಯನ್ನು ಸುರುಳಿ ಸುತ್ತುವುದು ಚೆಂದಕ್ಕಲ್ಲ, ಪುಟ್ಟ ಜಾಗದಲ್ಲಿ ಹೆಚ್ಚು ವಿಸ್ತೀರ್ಣ ಸಿಗಲೆಂದು. ತಾಮ್ರವಂತೂ ಕಬ್ಬಿಣಕ್ಕಿಂತ ಹಲವು ಪಟ್ಟು ಉತ್ತಮ ಉಷ್ಣವಾಹಕ.

ಮನೆಯಲ್ಲೇ ಒಂದು ಪ್ರಯೋಗ

ಫ್ರಿಜ್ ರಿಪೇರಿಯವರಲ್ಲಿ ಸಿಗುವ ಮೆದು ತಾಮ್ರದ ಕೊಳವೆ 5 ಮೀಟರ್ ಸಾಕು. ಸುಮ್ಮನೆ ಬಗ್ಗಿಸಿದರೆ ಅದು ಚಪ್ಪಟೆಯಾಗುತ್ತದೆ. ಒಣ ಮರಳು ತುಂಬಿ, ಎರಡೂ ತುದಿಗೆ ಬಿರಡೆ ಹಾಕಿ, ದಪ್ಪ ಪೈಪಿನ ಸುತ್ತ ನಿಧಾನವಾಗಿ ಸುತ್ತಬೇಕು. ಬಳಿಕ ಮರಳನ್ನು ಪೂರ್ತಿ ತಟ್ಟಿ, ತೊಳೆದು ತೆಗೆಯಬೇಕು. ಸುರುಳಿಯನ್ನು 25 ಡಿಗ್ರಿಯ 5 ಲೀಟರ್ ನೀರಿರುವ ಬಕೆಟ್ಟಿನಲ್ಲಿ ಮುಳುಗಿಸಿ, ಬಕೆಟ್ಟಿಗೆ ಗೋಣಿಚೀಲ ಸುತ್ತಿ. ಎತ್ತರದಲ್ಲಿಟ್ಟ ಪಾತ್ರೆಯಿಂದ 60 ಡಿಗ್ರಿಯ 5 ಲೀಟರ್ ನೀರನ್ನು ಸುರುಳಿಯ ಮೂಲಕ ಅರ್ಧ ಗಂಟೆಯ ಕಾಲ ಸಣ್ಣಗೆ ಹರಿಸಿ, ಬಕೆಟ್ಟಿನ ನೀರನ್ನು ಆಗಾಗ ಕದಡುತ್ತಿರಿ. ಬಿಸಿನೀರು ಸುರಿಯುವ ಕೆಲಸ ಹಿರಿಯರದು.

ಎರಡೂ ನೀರನ್ನು ನೇರವಾಗಿ ಬೆರೆಸಿದ್ದರೆ ಸಿಗುತ್ತಿದ್ದುದು 42.5 ಡಿಗ್ರಿ. ಸುರುಳಿಯಲ್ಲಿ ಹರಿಸಿದಾಗ, ಶಾಖ ಎಲ್ಲೂ ಸೋರದಿದ್ದರೆ, ಬಕೆಟ್ಟಿನ ನೀರು ಸುಮಾರು 47 ಡಿಗ್ರಿಯವರೆಗೂ ಏರಬಹುದು! ಇದು ಹೇಗೆ? ಮೊದಲು ಹರಿದ ಬಿಸಿನೀರು ತನ್ನ ಶಾಖವನ್ನೆಲ್ಲ ಕೊಟ್ಟು 25 ಡಿಗ್ರಿಯ ಹತ್ತಿರಕ್ಕೆ ಇಳಿದು ಹೊರಬೀಳುತ್ತದೆ. ಬೆರೆಸಿದಾಗ ಯಾವ ಹನಿಯೂ 42.5ಕ್ಕಿಂತ ಕೆಳಗೆ ಇಳಿಯಲಾರದು. ಕೈಗೆ ಸಿಗುವ ಅಂಕಿ 47ಕ್ಕಿಂತ ಕಡಿಮೆಯೇ ಇರುತ್ತದೆ. ಎಷ್ಟು ಕಡಿಮೆ, ಏಕೆ ಎಂದು ಹುಡುಕುವುದರಲ್ಲೇ ಪಾಠವಿದೆ.

ಬಿಸಿಲು, ಗಡಸು ನೀರು

ಮನೆಯ ಮೇಲಿನ ಸೌರ ಹೀಟರಿನಲ್ಲಿ ಈ ಸುರುಳಿಗೆ ನಿಜವಾದ ಕೆಲಸವಿದೆ. ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಒಡೆದು ಸುಣ್ಣದ ಕಲ್ಲಾಗಿ ಕೂರುತ್ತದೆ. ಫಲಕದ ಸಣ್ಣ ಕೊಳವೆಗಳು ಕ್ರಮೇಣ ಕಟ್ಟಿಕೊಳ್ಳುತ್ತವೆ. ಅದರ ಬದಲು ಫಲಕ ಮತ್ತು ಸುರುಳಿಯಲ್ಲಿ ಶುದ್ಧ ನೀರನ್ನು ತುಂಬಿ, ಅದೇ ಸುತ್ತುತ್ತಿರುವಂತೆ ಮಾಡಿದರೆ ಗಡಸು ನೀರು ತೊಟ್ಟಿಯಲ್ಲೇ ಉಳಿಯುತ್ತದೆ. ಸುಣ್ಣ ಕೂತರೂ ಸುರುಳಿಯ ಹೊರಮೈಮೇಲೆ. ಅದನ್ನು ತೆಗೆದು ತಿಕ್ಕಬಹುದು.

ತೊಟ್ಟಿ ಫಲಕಕ್ಕಿಂತ ಎತ್ತರದಲ್ಲಿದ್ದರೆ ಪಂಪೂ ಬೇಡ. ಕಾದ ನೀರಿನ ಸಾಂದ್ರತೆ ಕಡಿಮೆಯಾದ್ದರಿಂದ ಅದು ಮೇಲೇರಿ ಸುರುಳಿಯ ಮೇಲ್ತುದಿಯನ್ನು ಸೇರುತ್ತದೆ. ತಣಿದದ್ದು ಕೆಳತುದಿಯಿಂದ ಫಲಕಕ್ಕೆ ಇಳಿಯುತ್ತದೆ. ಪುಸ್ತಕದ ‘ಸಂವಹನ’ ಇದೇ. ಕೊಳವೆ ಎಲ್ಲೂ ತಗ್ಗಿ ಏಳಬಾರದು. ಉಬ್ಬಿದ ಕಡೆ ಗಾಳಿ ಸಿಕ್ಕಿಕೊಂಡರೆ ಹರಿವು ನಿಲ್ಲುತ್ತದೆ. ತಾಮ್ರವನ್ನು ಜಿ.ಐ. ತೊಟ್ಟಿಗೆ ನೇರವಾಗಿ ತಾಗಿಸಬಾರದು. ಸತುವಿನ ಲೇಪ ಬೇಗ ಸವೆಯುತ್ತದೆ.

ಆಟವಲ್ಲದ ಮಾತು

ಸುರುಳಿಯನ್ನು ಉರಿಯೊಳಗೇ ಇಟ್ಟರೆ ಬೇಗ ಕಾಯುವುದಲ್ಲವೇ ಎಂದು ಜಾಣ ಹುಡುಗರು ಕೇಳುತ್ತಾರೆ. ಕಾಯುತ್ತದೆ, ಅಪಾಯವಿರುವುದೂ ಅಲ್ಲೇ. ನೀರು ಆವಿಯಾದಾಗ ತನ್ನ ಗಾತ್ರದ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಎರಡೂ ತುದಿಗೆ ನಲ್ಲಿ ಹಾಕಿ ಮುಚ್ಚಿದ ಕೊಳವೆ ಉರಿಯಲ್ಲಿದ್ದರೆ ಅದು ಸ್ನಾನದ ಸಾಧನವಲ್ಲ, ಸಿಡಿಗುಂಡು. ಬಿಸಿಲಿನ ವ್ಯವಸ್ಥೆಯಲ್ಲೂ ಅತಿ ಎತ್ತರದ ಜಾಗದಲ್ಲಿ ಬಾಯಿ ತೆರೆದ ಪುಟ್ಟ ಡಬ್ಬಿ ಇರಲೇಬೇಕು. ಹಿಗ್ಗಿದ ನೀರಿಗೂ ಆವಿಗೂ ಅದೇ ದಾರಿ. ಆ ದಾರಿಯಲ್ಲಿ ನಲ್ಲಿ, ಬಿರಡೆ ಯಾವುದೂ ಕೂಡದು.

ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡುವ ಮಕ್ಕಳಿಗೆ ತಂದೆತಾಯಿ ಕೊಳವೆ ಕೊಡಿಸಿದರಷ್ಟೇ ಸಾಲದು. ನೀರು ಹರಿಸುವ ಮುನ್ನ ‘ಆವಿ ಎಲ್ಲಿಂದ ಹೋಗುತ್ತದೆ?’ ಎಂದು ಕೇಳಬೇಕು. ಮಗು ಬೆರಳಿಟ್ಟು ದಾರಿ ತೋರಿಸಿದ ಮೇಲೆಯೇ ಪ್ರಯೋಗ ಶುರುವಾಗಲಿ.